ಬದರಿನಾಥರ ಎರಡು ಉಪ್ರಿ

ಎರಡು ಸಾವಿರದ ಏಳನೇ ಇಸವಿಯ ದುರ್ಗಾಪೂಜೆ ಬರುವ ತನಕ ಬದರಿನಾಥರಿಗೆ ತಾವು ಬಡವರೆಂಬುದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ. ಧಾರವಾಡದವರು, ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ಸೆಕ್ಷನ್ ಆಫೀಸರು. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಕಳೆದು, ಆಮೇಲೆ ಕೋಲ್ಕತ್ತಕ್ಕೆ ವರ್ಗವಾಗಿ ಬಂದು, ಡಮ್ ಡಮ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಮನೆಯ ಕೆಳಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಹೆಂಡತಿ ಸುಭದ್ರಮ್ಮ, ಒಂದು ಕಬ್ಬಿಣದ ಮಂಚ, ಬಣ್ಣ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಒಂದು ಟೀವಿ. ಇಷ್ಟರಲ್ಲಿ ಸಂಸಾರ ಸುಖವಾಗಿ ಸಾಗಿತ್ತು.

ಅವರ ಕೆಲಸವೆಂದರೆ ಚೌಕಳಿ ಕಾಗದದ ಮೇಲೆ ಓರೆ ಗೆರೆ ಎಳೆಯುವುದು. ಒಂದೊಂದು ಗೆರೆಯೂ ಒಂದೊಂದು ಲೋಕಲ್ ಗಾಡಿ. ಯಾವುದು ಎಲ್ಲಿ ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವುದಕ್ಕೆ ದಾರಿ ಬಿಡಬೇಕು ಎಂಬುದೆಲ್ಲ ಆ ಗೆರೆಯಲ್ಲೇ ಇರುತ್ತದೆ. ಕಾಗದದ ಮೇಲೆ ಗೆರೆಗೆ ಗೆರೆ ತಗುಲಿದರೆ ಹಳಿಯ ಮೇಲೆ ಗಾಡಿಗೆ ಗಾಡಿ ತಗುಲಿದ ಹಾಗೆ. ಬದರಿನಾಥರು ಎಳೆದ ಗೆರೆಗಳು ಒಂದಕ್ಕೊಂದು ತಗುಲುತ್ತಿರಲಿಲ್ಲ. ಬೆಳಿಗ್ಗೆ ಡಮ್ ಡಮ್ ಪ್ಲಾಟ್‌ಫಾರಮ್ಮಿನಲ್ಲಿ ನಿಂತು, ಲೋಕಲ್ ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದನ್ನು ನೋಡಿ, "ನನ್ನ ಗಾಡಿ ಬಂತು" ಎಂದು ಪಕ್ಕದವರಿಗೆ ಹೇಳುವುದಿತ್ತು. ಪಕ್ಕದವರು, ಇವರ ಭಾವನೋ ಮೈದುನನೋ ಡ್ರೈವರ್ ಇರಬೇಕೆಂದು ತಿಳಿಯುತ್ತಿದ್ದರು. ಇಂಥ ಕೆಲಸಕ್ಕೆ ತಿಂಗಳ ಕೊನೆಗೆ ಸಂಬಳ ಬೇರೆ ಕೊಡುತ್ತಾರೆಂಬುದು ಅವರಿಗೆ ಸ್ವಲ್ಪ ಸಂಕೋಚದ ಸಂಗತಿಯೇ ಆಗಿತ್ತು.

ಈ ನೆಮ್ಮದಿ ಹೇಗೆ ಹೋಯಿತು, ಯಾವ ದಾರಿಯಿಂದ ವಾಪಸು ಬಂತು ಎಂಬುದಷ್ಟೇ ಇಲ್ಲಿ ಹೇಳಬೇಕಾದದ್ದು. ವಾಪಸು ಬಂದ ದಾರಿ ಅಷ್ಟೇನೂ ಚೆನ್ನಾಗಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಷ್ಟು ಸಾಧು ಮನುಷ್ಯನಿಗೂ ಒಂದು ಚಟವಿತ್ತು. ಅದು ಬಂಗಾಳಿ. ಯಾವ ಶಬ್ದಕ್ಕಾದರೂ ಒಂದು ಓಕಾರ ಹಚ್ಚಿ, ಬಾಯಿ ತುಸು ಗುಂಡಗೆ ಮಾಡಿದರೆ ಬಂಗಾಳಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಇವರು ಬಂಗಾಳಿಯಲ್ಲಿ ಮಾತಾಡಿಸಿದರೆ ಗಲ್ಲಿಯ ಜನ ಮರ್ಯಾದೆಯಿಂದ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ತಮ್ಮ ಬಂಗಾಳಿ ಸ್ವಲ್ಪ ಎತ್ತರದ್ದು, ಇವರಿಗೆ ನಿಲುಕುತ್ತಿಲ್ಲ ಎಂದು ಬದರಿನಾಥರು ತಿಳಿಯುತ್ತಿದ್ದರು. ಸುಭದ್ರಮ್ಮ ಕಾಯಿಪಲ್ಯದವಳ ಜೊತೆ ಜಗಳವಾಡಿಯೇ ಚೊಕ್ಕ ಬಂಗಾಳಿ ಕಲಿತಿದ್ದರು. ಆದರೆ ಆಕೆಯನ್ನು ಯಾರು ಕೇಳಬೇಕು?

ಆ ಗಲ್ಲಿಯಲ್ಲಿ ಪೂಜೆಯ ಚಂದಾ ಎಲ್ಲರಿಗೂ ಒಂದೇ ಅಲ್ಲ. ಕ್ಲಬ್ಬಿನ ಕಾರ್ಯದರ್ಶಿ ಘೋಷಾಲ್ ಬಾಬು ಪ್ರತಿ ಮನೆಯ ಬಾಗಿಲಲ್ಲೂ ನಿಂತು, ಚಪ್ಪಲಿ, ಪರದೆ, ಒಳಗಿಂದ ಬರುವ ಅಡುಗೆಯ ವಾಸನೆ ಇವನ್ನೆಲ್ಲ ನೋಡಿ, ಈ ಮನೆಗೆ ಇಷ್ಟು ಎಂದು ಮನಸ್ಸಿನಲ್ಲೇ ತೂಗಿ ರಸೀದಿ ಬರೆಯುತ್ತಿದ್ದರು. ಮನೆಯವರು ತಮ್ಮ ಬಡತನ ತೋಡಿಕೊಂಡು ಇಳಿಸಿಕೊಳ್ಳಬೇಕು. ಅದೇ ಪದ್ಧತಿ. ಪ್ರತಿ ವರ್ಷ ಬದರಿನಾಥರೂ ಹುಬ್ಬಳ್ಳಿಯ ಸಂತೆಯ ಚೌಕಾಶಿಯನ್ನು ತಮ್ಮ ಎತ್ತರದ ಬಂಗಾಳಿಯಲ್ಲಿ ಮಾಡಿ ಐವತ್ತೋ ನೂರೋ ಇಳಿಸುತ್ತಿದ್ದರು.

ಆ ವರ್ಷ ಘೋಷಾಲ್ ಬಾಬು ಬಂದಾಗ ಮೇಲಿನ ಮಹಡಿಯ ನಿತಿನ್ ಮೆಟ್ಟಿಲ ಬಳಿ ಶೂ ಕಟ್ಟಿಕೊಳ್ಳುತ್ತಿದ್ದ. ಬೆಂಗಳೂರಿನ ಹುಡುಗ, ಇಪ್ಪತ್ತಾರು ವರ್ಷ, ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅವನಿಗೆ ಘೋಷಾಲ್ ಬಾಬು ಎರಡು ಸಾವಿರದ ಒಂದು ರೂಪಾಯಿಯ ರಸೀದಿ ಹರಿದರು. ಹುಡುಗ ಮರುಮಾತಿಲ್ಲದೆ ಕೊಟ್ಟ. ಆಮೇಲೆ ಬದರಿನಾಥರ ಕಡೆ ತಿರುಗಿ, ಕೇಳುವ ಮೊದಲೇ, ಇನ್ನೂರ ಐವತ್ತೊಂದು ಎಂದು ಬರೆದು ಕೊಟ್ಟು, ಭುಜ ತಟ್ಟಿ ಹೇಳಿದರು:

"ನಿಮಗೆ ಇಷ್ಟೇ ಸಾಕು ದಾದಾ. ಸರಕಾರಿ ಮೈನೆ. ನಮಗೆ ಅರ್ಥವಾಗುತ್ತದೆ."

ಮೈನೆ ಎಂದರೆ ಸಂಬಳ. ಅದು ಬದರಿನಾಥರಿಗೂ ತಿಳಿಯಿತು. ಆದರೆ ಚುಚ್ಚಿದ್ದು ಮೈನೆಯಲ್ಲ, ಭುಜದ ಮೇಲಿನ ಕೈ.

"ಈ ಹುಡುಗಗ ಯಾಕ ಅಷ್ಟು?" ಎಂದರು, ಬಂಗಾಳಿ ಮರೆತು.

ಪ್ರಶ್ನೆ ಕನ್ನಡದಲ್ಲಿದ್ದರೂ ಘೋಷಾಲ್ ಬಾಬುವಿಗೆ ಅರ್ಥವಾಯಿತು. ಇಂಥ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ. "ಸೆಕ್ಟರ್ ಫೈವ್, ದಾದಾ. ತಿಂಗಳಿಗೆ ನಲವತ್ತು ಸಾವಿರ" ಎಂದರು.

ನಿತಿನ್ ನಾಚಿಕೊಂಡ. "ಕೈಗೆ ಅಷ್ಟೆಲ್ಲ ಬರಲ್ಲ ಅಂಕಲ್. ಪಿ.ಎಫ್., ಟ್ಯಾಕ್ಸು ಎಲ್ಲ ಕಟ್ ಆಗತ್ತೆ. ನಮ್ಮ ಬ್ಯಾಚಲ್ಲಿ ನಂದೇ ಕಮ್ಮಿ. ನನ್ ಜೊತೆ ಸೇರ್ದೋನಿಗೆ ಐವತ್ತು. ಅದನ್ನ ನೆನೆಸ್ಕೊಂಡ್ರೆ ಕೆಲ್ಸ ಮಾಡಕ್ಕೇ ಮನಸ್ಸು ಬರಲ್ಲ, ಬೇರೆ ಕಡೆ ನೋಡ್ತಿದೀನಿ."

ನಲವತ್ತು ಸಾವಿರ ತೆಗೆದುಕೊಂಡು ಬೇಜಾರು ಮಾಡಿಕೊಂಡ ಪ್ರಾಣಿಯನ್ನು ಬದರಿನಾಥರು ಅಂದೇ ಮೊದಲು ನೋಡಿದ್ದು. ತಮಗೆ ಅದರ ಅರ್ಧ. ಹುಡುಗನ ವಯಸ್ಸಿನಷ್ಟು ಹೆಚ್ಚುಕಡಿಮೆ ತಮ್ಮ ಸರ್ವಿಸ್ಸು. ಅವರ ತಲೆಯಲ್ಲಿ ಏನೋ ಒಂದು ಗೆರೆ ಇನ್ನೊಂದಕ್ಕೆ ತಗುಲಿತು.

"ಆ ರಸೀದಿ ಹರೀರಿ. ಎರಡು ಸಾವಿರದ ಐನೂರಾ ಒಂದು ಬರೀರಿ."

ಒಳಗೆ ಸುಭದ್ರಮ್ಮನ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಘೋಷಾಲ್ ಬಾಬು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಕ್ಲಬ್ಬು ಹುಟ್ಟಿದಂದಿನಿಂದ ಚಂದಾ ಹೆಚ್ಚು ಮಾಡಿ ಎಂದು ಕೇಳಿದ ಮನೆ ಅದೊಂದೇ. ಅವರು ಹೊಸ ರಸೀದಿ ಬರೆದುಕೊಟ್ಟು ಹೋದರು. ಹೋಗುವಾಗ ಬಾಗಿಲ ಚಪ್ಪಲಿಗಳನ್ನು ಇನ್ನೊಮ್ಮೆ ನೋಡಿಕೊಂಡು ಹೋದರು.

"ತಲಿ ನೆಟ್ಟಗದ ಏನ್ರಿ?" ಎಂದರು ಸುಭದ್ರಮ್ಮ. "ಅಷ್ಟು ರೊಕ್ಕದಾಗ ಎರಡು ತಿಂಗಳ ಕಿರಾಣಿ ಬರ್ತಿತ್ತು."

"ಆ ಹುಡುಗ ತೊಟ್ಟಲದಾಗ ಇದ್ದಾಗ ನಾ ನೌಕರಿಗೆ ಸೇರೀನಿ. ಅವಗಿಂತ ಕಡಿಮಿ ಕೊಡ್ಲಿ?"

"ದೇವಿಗೇನು ನಿಮ್ಮ ಸರ್ವಿಸ್ ಬುಕ್ ತೋರಸಬೇಕಾಗೇದ?"

ಆ ರಾತ್ರಿ ಬದರಿನಾಥರಿಗೆ ನಿದ್ದೆ ಬರಲಿಲ್ಲ.

ವಿಜಯದಶಮಿಯ ಸಂಜೆ ಕ್ಲಬ್ಬಿನಲ್ಲಿ ಎಲ್ಲರೂ ಅಪ್ಪಿಕೊಂಡು ಸಿಹಿ ಹಂಚುವುದು ಅಲ್ಲಿಯ ರೂಢಿ. ಬದರಿನಾಥರು ಹೋದಾಗ ಅವರಿಗೆ ಕುರ್ಚಿ ಬಂತು, ಅದೂ ಕೈಯಿರುವ ಕುರ್ಚಿ. ಘೋಷಾಲ್ ಬಾಬು ಪಕ್ಕಕ್ಕೆ ಬಂದು ಕೂತು, ದನಿ ತಗ್ಗಿಸಿ, ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದರು:

"ಮೈನೆ ತೋ ಬುಝ್ಲಾಮ್, ದಾದಾ. ಉಪ್ರಿ ಆಛೆ ನಾ?"

ಸಂಬಳವೇನೋ ತಿಳಿಯಿತು, ಉಪ್ರಿ ಇದೆ ತಾನೇ ಎಂದು. ಉಪ್ರಿ ಎಂದರೆ ಮೇಲಿನ ಆದಾಯ. ನಾವು ಸಂಬಳದ ಜೊತೆಗೆ ಗಿಂಬಳ ಎನ್ನುತ್ತೇವಲ್ಲ, ಅದು. ಬದರಿನಾಥರಿಗೆ ಕೇಳಿಸಿದ್ದು 'ಅಪ್ಪರ್'. ಅವರ ಇಲಾಖೆಯಲ್ಲಿ ಬಡ್ತಿ ಸಿಗದೆ ಹನ್ನೆರಡು ವರ್ಷ ಕೂತವರಿಗೆ ಸಂಬಳದ ಮೇಲಿನ ಸ್ಕೇಲು ಕೊಡುವ ನಿಯಮವಿತ್ತು. ಅದಕ್ಕೆ ಎಲ್ಲರೂ ಅಪ್ಪರ್ ಅಪ್ಪರ್ ಎನ್ನುತ್ತಿದ್ದರು. ಪಾಪ, ಬಂಗಾಳಿಗಳು ಇಂಗ್ಲಿಷನ್ನು ಹೀಗೆ ಉಚ್ಚರಿಸುತ್ತಾರೆ ಎಂದುಕೊಂಡು ಬದರಿನಾಥರು ಎದೆಯುಬ್ಬಿಸಿದರು.

"ಆಛೆ, ಆಛೆ. ಎರಡು ಉಪ್ರಿ."

"ಎರಡು?"

"ಹನ್ನೆರಡು ವರ್ಷಕ್ಕೊಂದು. ಮೊದಲನೆಯದು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಎರಡನೆಯದು ಈ ಜುಲೈಯಲ್ಲಿ."

"ಒಂದೇ ಸಲಕ್ಕೆ, ಇಡುಗಂಟಾಗಿಯೇ?"

"ಇಲ್ಲ, ತಿಂಗಳು ತಿಂಗಳು ಬರುತ್ತದೆ."

ಘೋಷಾಲ್ ಬಾಬು ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡರು. "ಸಾಹೇಬರಿಗೆ ಗೊತ್ತೇ?"

"ಸಾಹೇಬರೇ ಕರೆದು ಕೊಟ್ಟರು. ಸಹಿ ಮಾಡಿಸಿಕೊಂಡರು. ಅವರಿಗೂ ಇದೆಯಲ್ಲ."

"ಕೊಡದಿದ್ದರೆ?"

"ಯೂನಿಯನ್ನು ಬಿಡುತ್ತದೆಯೇ?"

ಘೋಷಾಲ್ ಬಾಬು ಕೈಯಲ್ಲಿದ್ದ ಸಿಹಿಯನ್ನು ತಟ್ಟೆಗೆ ವಾಪಸು ಇಟ್ಟರು. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಚಹಾದ ಲೋಟದ ಕೆಳಗೆ ಯಾರಾದರೂ ಹತ್ತು ರೂಪಾಯಿ ಇಟ್ಟರೆ ಹೆದರಿ ಹೆದರಿ ತೆಗೆದುಕೊಂಡ ಜೀವ ಅದು. ಯೂನಿಯನ್ನೇ ನಿಂತು ಉಪ್ರಿ ಕೊಡಿಸುವ ಕಡೆ ಬಿಟ್ಟು ತಪ್ಪು ಕಡೆ ಸವೆದೆನಲ್ಲ ಎಂದು ಅವರಿಗೆ ಆ ಸಂಜೆ ಮನವರಿಕೆಯಾಯಿತು. ಅವರ ನಿವೃತ್ತ ಜೀವನದ ಸಂತೋಷ ಅಲ್ಲಿಗೆ ಕೊನೆಗೊಂಡಿತು.

ಸುದ್ದಿ ಗಲ್ಲಿಯ ತುಂಬ ಹರಡಿತು. ಛೀ ಎಂದವರು ಯಾರೂ ಇಲ್ಲ. ಮಿಠಾಯಿ ಅಂಗಡಿಯವನು ತೂಕಕ್ಕಿಂತ ಒಂದು ಹೆಚ್ಚು ಹಾಕತೊಡಗಿದ. ಮನೆಯ ಮಾಲೀಕರು ನೀರಿನ ಪಂಪನ್ನು ಮಧ್ಯದಲ್ಲೇ ಆರಿಸುವುದನ್ನು ಬಿಟ್ಟರು. ಸಾಯಂಕಾಲ ಇವರು ಗಲ್ಲಿಯಲ್ಲಿ ಬರುತ್ತಿದ್ದರೆ ಕೇರಂ ಆಡುವ ಹುಡುಗರು ಎದ್ದು ನಿಲ್ಲುತ್ತಿದ್ದರು. ನಿತಿನ್ ಒಂದು ದಿನ ಮೆಟ್ಟಿಲ ಮೇಲೆ ತಡೆದು ಕೇಳಿದ: "ಅಂಕಲ್, ಘೋಷಾಲ್ ಹೇಳ್ತಿದ್ರು, ನಿಮ್ಮಲ್ಲಿ ವೇರಿಯಬಲ್ ಪೇ ತುಂಬ ಜಾಸ್ತಿಯಂತೆ?"

"ವೇರಿಯಬಲ್ ಅಲ್ಲಪಾ. ಫಿಕ್ಸು."

"ಫಿಕ್ಸಾ? ಗವರ್ನಮೆಂಟೇ ಬೆಸ್ಟು ಅಂಕಲ್. ನಾವು ಸುಮ್ನೆ ನಾಯಿ ಥರ ದುಡೀತಿದೀವಿ" ಎಂದು ಹುಡುಗ ಮುಖ ಸಪ್ಪೆ ಮಾಡಿಕೊಂಡು ಹೋದ. ಆ ಸಪ್ಪೆ ಮುಖ ನೋಡಿ ಬದರಿನಾಥರು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಅದು ಒಂದೇ ರಾತ್ರಿ. ಕಚೇರಿಯಲ್ಲಿ ಮಾತ್ರ ಕೆಲಸ ಕೆಟ್ಟಿತ್ತು. ಒಂದು ಗೆರೆ ಎಳೆದರೆ, ಈ ಗೆರೆಗೆ ನನಗೆಷ್ಟು ಬಿತ್ತು, ಇಷ್ಟೇ ಹೊತ್ತಿನಲ್ಲಿ ಆ ಹುಡುಗನಿಗೆ ಎಷ್ಟು ಬಿತ್ತು ಎಂದು ಭಾಗಾಕಾರ ಶುರುವಾಗುತ್ತಿತ್ತು. ಭಾಗಾಕಾರ ಮುಗಿಯುವಷ್ಟರಲ್ಲಿ ಗೆರೆ ಸೊಟ್ಟಗಾಗಿರುತ್ತಿತ್ತು. ಸಾಹೇಬರು ಎರಡು ಸಲ ಕರೆದು, ಏನು ಬದರಿನಾಥ್, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ಬೆಳಿಗ್ಗೆ ಪ್ಲಾಟ್‌ಫಾರಮ್ಮಿಗೆ ಗಾಡಿ ಬಂದರೆ ಸುಮ್ಮನೆ ಹತ್ತುತ್ತಿದ್ದರು. ಅದು ಬೇಗ ಬಂದರೇನು, ತಡವಾಗಿ ಬಂದರೇನು, ತಮಗೆ ಬರುವುದು ಅಷ್ಟೇ.

ಈ ನಡುವೆ ಕೆಲಸದ ಮಾಲತಿ ಬಂದು ನಿಂತಳು. ಪಾತ್ರೆ ತೊಳೆಯಲು ಮೇಲಿನ ಹುಡುಗ ಇವರ ಎರಡರಷ್ಟು ಕೊಡುತ್ತಾನೆ, ಅಲ್ಲಿ ಇರುವುದು ಎರಡು ತಟ್ಟೆ. ಇಲ್ಲಿ ಹುಳಿಯ ಡಬರಿ, ಒಗ್ಗರಣೆ ಬಟ್ಟಲು, ರೊಟ್ಟಿಯ ಹಂಚು. ಇಲ್ಲಿಯೂ ಅಷ್ಟೇ ಕೊಡಬೇಕು ಎಂಬುದು ಅವಳ ಬೇಡಿಕೆ. ಬೇಡಿಕೆ ನ್ಯಾಯವಾಗಿತ್ತು. ಅದಕ್ಕೇ ಬದರಿನಾಥರಿಗೆ ಸಿಟ್ಟು ಬಂತು. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಇನ್ನೊಬ್ಬರ ಸಂಬಳ ನೋಡಬಾರದು, ತನ್ನ ಕೆಲಸದಲ್ಲಿ ತನಗೆ ತೃಪ್ತಿ ಇರಬೇಕು, ತೃಪ್ತಿಯೇ ದೊಡ್ಡದು ಎಂದು ತಮ್ಮ ಬಂಗಾಳಿಯಲ್ಲಿ ಬಹಳ ಹೊತ್ತು ಹೇಳಿದರು.

ಮಾಲತಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ. ಸುಭದ್ರಮ್ಮನ ಕಡೆ ತಿರುಗಿ ಕೇಳಿದಳು: "ಯಾವ ತೃಪ್ತಿ ಬೌದಿ? ಮೂರನೇ ಗಲ್ಲಿಯ ತೃಪ್ತಿಯೇ? ಅವಳಿಗೆ ಎಷ್ಟು ಕೊಡುತ್ತೀರಿ?"

ತೃಪ್ತಿ ಎಂಬುವಳು ಯಾರೂ ಇಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ತನ್ನ ಬೆನ್ನ ಹಿಂದೆ ಇನ್ನೊಬ್ಬಳನ್ನು ಗೊತ್ತುಮಾಡಿದ್ದಾರೆ, ಉಪ್ರಿ ತಿನ್ನುವವರಿಗೂ ಇಷ್ಟು ಜಿಪುಣತನವೇ ಎಂದು ಗಲ್ಲಿಗೆಲ್ಲ ಕೇಳುವಂತೆ ಬೈದು ಹೊರಟುಹೋದಳು. ಮರುದಿನದಿಂದ ಡಬರಿ ಸುಭದ್ರಮ್ಮನ ಪಾಲಿಗೂ ಹಂಚು ಬದರಿನಾಥರ ಪಾಲಿಗೂ ಬಂತು. ಆ ಮೇಲೆ ಸುಭದ್ರಮ್ಮ ಯಾಕೋ ಟ್ರಂಕು, ಹಾಸಿಗೆ, ದೇವರ ಗೂಡು ಎಲ್ಲ ಎತ್ತಿ ಎತ್ತಿ ಗುಡಿಸತೊಡಗಿದರು. ಕೆಲಸದವಳು ಬಿಟ್ಟಮೇಲೆ ಹೆಂಡತಿಗೆ ಸ್ವಚ್ಛತೆಯ ಹುಚ್ಚು ಹಿಡಿದಿದೆ ಎಂದು ಬದರಿನಾಥರು ತಿಳಿದರು.

ಡಿಸೆಂಬರಿನಲ್ಲಿ ಪಾಲ್ ಬಂದ. ಅವನದು ಡಮ್ ಡಮ್ ಪ್ಲಾಟ್‌ಫಾರಮ್ಮಿನ ಮೇಲೆ ಚಹಾದಂಗಡಿ. ಘೋಷಾಲ್ ಬಾಬುವೇ ಅವನನ್ನು ಕಳಿಸಿದ್ದರು: ನಮ್ಮ ದಾದಾ ಇದ್ದಾರೆ, ಬೇಕಾದರೆ ಗಾಡಿಯನ್ನೇ ನಿಲ್ಲಿಸುತ್ತಾರೆ, ಹೋಗು. ಪಾಲ್ ಖರ್ಜೂರದ ಹೊಸ ಬೆಲ್ಲದ ಸಂದೇಶ್ ಮಿಠಾಯಿ ಒಂದು ಡಬ್ಬಿ ತಂದಿಟ್ಟು, ತನ್ನ ಅಂಗಡಿಯ ಮುಂದೆ ಬನಗಾಂವ್ ಲೋಕಲ್ ಇನ್ನೆರಡು ನಿಮಿಷ ಹೆಚ್ಚು ನಿಂತರೆ ತನ್ನ ಚಹಾ ಖರ್ಚಾಗುತ್ತದೆ ಎಂದ.

ಬದರಿನಾಥರ ಕಣ್ಣು ಅರಳಿತು. ಇಷ್ಟು ವರ್ಷದಲ್ಲಿ ಅವರ ಕೆಲಸದ ಬಗ್ಗೆ ಯಾರಾದರೂ ಮನೆಗೆ ಬಂದು ಕೇಳಿದ್ದು ಅದೇ ಮೊದಲು. ಚೌಕಳಿ ಕಾಗದ ಹಾಸಿ, ಬನಗಾಂವ್ ಲೋಕಲ್ ಎರಡು ನಿಮಿಷ ನಿಂತರೆ ಹಿಂದಿನ ಗಾಡಿ ಎಲ್ಲೆಲ್ಲಿ ನಿಲ್ಲಬೇಕಾಗುತ್ತದೆ ಎಂದು ತೋರಿಸುತ್ತ, ಮಧ್ಯೆ ಮಧ್ಯೆ ಸಂದೇಶ್ ತಿನ್ನುತ್ತ, ಡಬ್ಬಿ ಖಾಲಿಯಾಗುವ ತನಕ ವಿವರಿಸಿದರು. ಕೊನೆಗೆ ಸಾಧ್ಯವಿಲ್ಲ ಎಂದರು.

ಪಾಲ್ ಖಾಲಿ ಡಬ್ಬಿ ನೋಡಿದ. ಕೆಮ್ಮಿದ. "ಉಪ್ರಿಯ ವಿಷಯ ಹೇಳಿಬಿಡಿ ದಾದಾ."

ಈ ಗಲ್ಲಿಯಲ್ಲಿ ಎಲ್ಲರಿಗೂ ತಮ್ಮ ಸ್ಕೇಲಿನ ಮೇಲೆ ಎಷ್ಟು ಪ್ರೀತಿ ಎಂದು ಬದರಿನಾಥರಿಗೆ ಹೃದಯ ತುಂಬಿಬಂತು. "ಉಪ್ರಿ ಇನ್ನು ಬೇಡ. ಎರಡು ಆಗಲೇ ಬಂದಿದೆ" ಎಂದರು.

ಪಾಲ್‌ಗೆ ಎಲ್ಲ ಸ್ಪಷ್ಟವಾಯಿತು. ಎದುರು ಪ್ಲಾಟ್‌ಫಾರಮ್ಮಿನಲ್ಲಿ ಇರುವ ಚಹಾದಂಗಡಿಗಳೂ ಎರಡೇ. ಆ ಇಬ್ಬರೂ ತನಗಿಂತ ಮೊದಲೇ ಬಂದು ಕೊಟ್ಟುಹೋಗಿದ್ದಾರೆ. ಅವರದು ತೆಗೆದುಕೊಂಡು ತನ್ನದು ಬೇಡವೆಂದರೆ ಹೇಗೆ? ಅದೂ ಸಂದೇಶ್ ಪೂರ್ತಿ ತಿಂದಮೇಲೆ? ಈ ಅನ್ಯಾಯ ಅವನಿಗೆ ಸಹಿಸಲಾಗಲಿಲ್ಲ. ಮರುದಿನವೇ ರೈಲ್ವೆ ವಿಜಿಲೆನ್ಸಿಗೆ ಲಂಚದ ದೂರು ಕೊಟ್ಟ.

ವಿಜಿಲೆನ್ಸಿನಿಂದ ಬಂದವರು ಹೊನ್ನಪ್ಪ ಎಂಬ ಇನ್ಸ್‌ಪೆಕ್ಟರು. ಕರ್ನಾಟಕದವರು, ದಾವಣಗೆರೆ ಕಡೆಯವರು. ಮೆಟ್ಟಿಲ ಮೇಲೆ ಇಡೀ ಗಲ್ಲಿ ಸೇರಿತ್ತು. ಮುಂದಿನ ಸಾಲಿನಲ್ಲಿ ಘೋಷಾಲ್ ಬಾಬು.

"ನಮ್ಮ ಕಡೆಯವರಾಗಿ ಹೀಗ್ ಮಾಡ್ಕೊಂಡ್ರಲ್ರೀ" ಎಂದು ಹೊನ್ನಪ್ಪ ಪೆನ್ನು ತೆಗೆದರು. "ನೇರವಾಗಿ ಕೇಳ್ತೀನಿ. ಉಪ್ರಿ ತಗೊಂಡಿದ್ದು ನಿಜವೋ ಸುಳ್ಳೋ?"

"ನಿಜ. ಎರಡು ಸಲ."

ಹೊನ್ನಪ್ಪನವರ ಪೆನ್ನು ನಿಂತಿತು. ಅವರ ಸರ್ವಿಸ್ಸಿನಲ್ಲಿ ಕೇಳಿದ ತಕ್ಷಣ ಒಪ್ಪಿಕೊಂಡ ಮನುಷ್ಯನನ್ನು ಅವರು ಕಂಡಿರಲಿಲ್ಲ. "ಯಾರು ಕೊಟ್ರು?"

"ದಿಲ್ಲಿಯಿಂದ ಬರ್ತದ. ಮ್ಯಾಲಿನವರು ಎಲ್ಲಾರಿಗೂ ಹಂಚತಾರ."

"ದಿಲ್ಲಿಯಿಂದ?"

"ಹೌದಲ್ರಿ. ನಿಮಗೂ ಬಂದಿರಬೇಕಲ್ಲ? ಇಷ್ಟು ವರ್ಷ ಆದಮ್ಯಾಲ."

ಹೊನ್ನಪ್ಪ ಎದ್ದು ಹೋಗಿ ಬಾಗಿಲು ಹಾಕಿದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ದನಿ ತಗ್ಗಿಸಿ, "ನನ್ನನ್ನ ಯಾಕ್ರೀ ಎಳೀತೀರ ಇದ್ರಾಗೆ? ಉಪ್ರಿ ಅಂದ್ರೆ ಏನಂತ ತಿಳ್ಕೊಂಡೀರಿ ನೀವು?" ಎಂದರು.

"ಅಪ್ಪರ್ ಸ್ಕೇಲು."

ಟೀವಿಗೆ ಬಣ್ಣ ಬಂದು ಹೋಯಿತು.

"ಉಪ್ರಿ ಅಂದ್ರೆ ಗಿಂಬಳ ಕಣ್ರೀ" ಎಂದರು ಹೊನ್ನಪ್ಪ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಭದ್ರಮ್ಮ ಹೊರಗೆ ಬಂದರು. "ಹಂಗಾರ ನೀವು ತಗೊಂಡಿಲ್ಲ?"

"ನಿನಗ ಗೊತ್ತಿತ್ತ ಉಪ್ರಿ ಅಂದರ ಏನಂತ?"

"ಗೊತ್ತಿಲ್ದ ಏನು? ಕಾಯಿಪಲ್ಯದಾಕಿ ದಿನಾ ಅಂತಾಳ. ಓಣ್ಯಾಗ ಎಲ್ಲಾರೂ ನೀವು ತಗೋತೀರಿ ಅಂದರು. ನೀವೂ ಎದಿ ಉಬ್ಬಿಸಿ ಹೌದ ಅಂತಿದ್ದಿರಂತ. ಎರಡು ತಿಂಗಳಿಂದ ಹುಡುಕಲಿಕ್ಕತ್ತೀನಿ ಎಲ್ಲಿ ಇಟ್ಟೀರಿ ಅಂತ."

"ನೀನೂ ನಂಬಿದಿ?"

"ತಗೊಂಡದ್ದಕ್ಕ ಸಿಟ್ಟಿರಲಿಲ್ಲ. ಮನಿಗೆ ತರಲಿಲ್ಲಲ್ಲ ಅಂತ ಸಿಟ್ಟಿತ್ತು" ಎಂದರು ಸುಭದ್ರಮ್ಮ. ಆಕೆ ಸುಳ್ಳು ಹೇಳುವ ಪೈಕಿಯಲ್ಲ. ಬದರಿನಾಥರು ಮಂಚದ ಮೇಲೆ ಕೂತುಬಿಟ್ಟರು. ಊರವರು ಕಳ್ಳನೆಂದು ತಿಳಿದಿದ್ದರು ಎಂಬುದಕ್ಕಿಂತ, ಮನೆಯಾಕೆ ಕಳ್ಳನ ಜೊತೆಗೂ ಹೊಂದಿಕೊಂಡು ಹೋಗಿದ್ದಳು ಎಂಬುದು ಅವರಿಗೆ ಹೆಚ್ಚು ನೋವು ತಂದಿತು.

ನಿಯಮದ ಪ್ರಕಾರ ಹೊನ್ನಪ್ಪ ಮನೆ ಶೋಧಿಸಿದರು. ಸುಭದ್ರಮ್ಮ ಆಗಲೇ ಶೋಧಿಸಿಟ್ಟಿದ್ದರಿಂದ ಕೆಲಸ ಬೇಗ ಮುಗಿಯಿತು. ಏನೂ ಸಿಗಲಿಲ್ಲ. ಕೊನೆಗೆ ಬ್ಯಾಂಕಿನ ಪಾಸ್‌ಬುಕ್ಕು ತೆರೆದವರು ಅಲ್ಲೇ ನಿಂತರು. ಅವರ ಮುಖ ಮೆಲ್ಲಗೆ ಇಳಿಯಿತು.

"ಇದು ನಿಮ್ಮ ಸಂಬಳವೋ?"

"ಹೌದು."

"ನಾನು ನಿಮಗಿಂತ ಎರಡು ವರ್ಷ ಸೀನಿಯರ್ರು. ನನಗಿಂತ ಒಂದು ಇಂಕ್ರಿಮೆಂಟು ಹೆಚ್ಗೆ ಐತಲ್ರೀ ನಿಮಗೆ." ಹೊನ್ನಪ್ಪನವರು ಸುಭದ್ರಮ್ಮ ತಂದುಕೊಟ್ಟಿದ್ದ ಚಹಾ ಕೆಳಗಿಟ್ಟರು. "ಇಪ್ಪತ್ತಾರು ವರ್ಷ ಕಳ್ಳರ ಹಿಂದೆ ಅಲೆದು ಚಪ್ಪಲಿ ಸವೆಸಿದೋನು ನಾನು. ನೀವು ಫ್ಯಾನ್ ಕೆಳಗೆ ಕೂತು ಗೆರೆ ಎಳೆಯೋರು." ಬಾಗಿಲು ತೆರೆದು, ಮೆಟ್ಟಿಲ ಮೇಲಿದ್ದ ಜನಕ್ಕೆ ಹಿಂದಿಯಲ್ಲಿ ಜೋರಾಗಿ, "ಈ ಮನುಷ್ಯ ಒಂದು ಪೈಸೆ ತಿಂದಿಲ್ಲ. ಮನೆಯಲ್ಲಿ ನೋಡಿದೆ, ಏನೆಂದರೆ ಏನೂ ಇಲ್ಲ" ಎಂದು ಹೇಳಿ ಬಿರಬಿರನೆ ನಡೆದುಹೋದರು. ಪ್ರಾಮಾಣಿಕತೆಯ ಸರ್ಟಿಫಿಕೇಟು ಇಷ್ಟು ಸಿಡುಕಿನಿಂದ ಯಾರಿಗೂ ಸಿಕ್ಕಿರಲಾರದು.

ಮೆಟ್ಟಿಲ ಮೇಲೆ ಒಂದು ನಿಟ್ಟುಸಿರು ಹೊರಟಿತು. ಘೋಷಾಲ್ ಬಾಬು ಹತ್ತಿರ ಬಂದು, ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದರು: "ಏನೂ ಇಲ್ಲವೇ ದಾದಾ?"

"ಏನೂ ಇಲ್ಲ" ಎಂದರು ಬದರಿನಾಥರು.

ವಾರದೊಳಗೆ ಕ್ಲಬ್ಬಿನವರು ಸಭೆ ಸೇರಿ, ಮಾನವೀಯ ದೃಷ್ಟಿಯಿಂದ, ಹೆಚ್ಚು ಕೊಟ್ಟಿದ್ದ ಚಂದಾ ಹಿಂದಿರುಗಿಸಿದರು. ಮಿಠಾಯಿಯ ತಕ್ಕಡಿ ತನ್ನ ತೂಕಕ್ಕೆ ಮರಳಿತು. ನೀರಿನ ಪಂಪು ಮತ್ತೆ ಮಧ್ಯದಲ್ಲೇ ಆರತೊಡಗಿತು. ತಿನ್ನುತ್ತಾನೆ ಎಂದಾಗ ಕುರ್ಚಿ ತಂದುಕೊಟ್ಟವರು, ತಿಂದಿಲ್ಲ ಎಂದು ಗೊತ್ತಾದ ಮೇಲೆ ನಿಂತಲ್ಲೇ ಮಾತಾಡಿಸಿ ಕಳಿಸಿದರು. ಕದ್ದಿಲ್ಲವೆಂಬ ಕಾರಣಕ್ಕೆ ತಲೆ ತಗ್ಗಿಸಿಕೊಂಡು ಓಡಾಡಬೇಕಾಗಿ ಬಂದಾಗ ಬದರಿನಾಥರಿಗೆ ಆ ಗಲ್ಲಿಯ ಮೇಲೂ, ತಮ್ಮ ಮೇಲೂ, ಎಲ್ಲಕ್ಕಿಂತ ಹೆಚ್ಚಾಗಿ ಮೇಲಿನ ಮಹಡಿಯ ಮೇಲೂ ದ್ವೇಷ ಹುಟ್ಟಿತು. ಆ ಹುಡುಗ ಏನು ಮಾಡಿದ್ದ ಎಂದು ಕೇಳಿದರೆ, ಏನೂ ಮಾಡಿರಲಿಲ್ಲ. ಅವನ ಸಂಬಳ ಮಾತ್ರ ಮಾಡಿತ್ತು. ಅಷ್ಟರಲ್ಲಿ ಅವನು ಕಂಪನಿ ಬದಲಾಯಿಸಿ ಅರವತ್ತಕ್ಕೆ ಏರಿದ್ದ. ಏರಿದ ಖುಷಿಗೆ ಸಿಹಿಯನ್ನು ಮೊದಲು ಅಂಕಲ್‌ಗೇ ತಂದುಕೊಟ್ಟ. ಅಂಕಲ್ ಡಯಾಬಿಟಿಸ್ ಎಂದು ಸುಳ್ಳು ಹೇಳಿದರು.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಆರನೇ ವೇತನ ಆಯೋಗದ ಪ್ರಕಾರ ಸರಕಾರ ಎಲ್ಲರ ಸಂಬಳ ಏರಿಸಿತು. ಬಾಕಿ ಹಣದ ಮೊದಲ ಕಂತೂ ಬಂತು. ಕಚೇರಿಯಲ್ಲಿ ರಸಗುಲ್ಲ ಹಂಚಿದರು. ಸುಭದ್ರಮ್ಮ ಹೊಸ ಟೀವಿ ತಂದರು, ಮಾಲತಿಯನ್ನು ಅವಳು ಕೇಳಿದ ಸಂಬಳಕ್ಕೇ ವಾಪಸು ಕರೆದರು. ಬದರಿನಾಥರು ಮಾತ್ರ ರಸಗುಲ್ಲದ ಬಟ್ಟಲು ಹಿಡಿದುಕೊಂಡು, "ಏರಿದರೂ ಅವನಷ್ಟು ಆಗಲಿಲ್ಲಲ್ಲ" ಎಂದರು. ಗೆರೆಗಳು ಸೊಟ್ಟಗೇ ಇದ್ದವು. ಸಾಹೇಬರು ಮೂರನೆಯ ಸಲ ಕರೆದಾಗ ಹುಷಾರಿಲ್ಲವೇ ಎಂದು ಕೇಳಲಿಲ್ಲ. ಸರಿ ಹೋಗದಿದ್ದರೆ ಬೇರೆ ಟೇಬಲ್ಲಿಗೆ ಹಾಕುತ್ತೇನೆ ಎಂದರು. ಇಡೀ ಆಯುಷ್ಯದ ಪ್ರೀತಿಯ ಕೆಲಸ ಕೈತಪ್ಪುವ ಹೊತ್ತು ಬಂದಿತ್ತು. ಅವರಿಗೆ ಅದೂ ಮುಟ್ಟಲಿಲ್ಲ.

ನವೆಂಬರಿನ ಒಂದು ಭಾನುವಾರ ಸಂಜೆ ನಿತಿನ್ ಕೆಳಗಿಳಿದು ಬಂದ. ಗಡ್ಡ ಬೆಳೆದಿತ್ತು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿ, ಅದರ ಕೆಲಸ ಮಾಡುತ್ತಿದ್ದ ಇವನ ತಂಡವನ್ನೇ ಕಂಪನಿ ಮನೆಗೆ ಕಳಿಸಿತ್ತು.

"ಹೊಸದಾಗಿ ಸೇರಿದೋರನ್ನೇ ಮೊದಲು ತೆಗೆದ್ರು ಅಂಕಲ್. ಹಳೇ ಕಂಪನೀಲೇ ಇದ್ದಿದ್ರೆ ಉಳೀತಿದ್ದೆ. ಜೊತೆ ಸೇರ್ದೋನಿಗಿಂತ ಕಮ್ಮಿ ಅಂತ ಬಿಟ್ಟೆ" ಎಂದ. "ಅಪ್ಪಂಗೆ ಇನ್ನೂ ಹೇಳಿಲ್ಲ. ತಂಗಿ ಮದ್ವೆಗೆ ಲೋನ್ ತಗೊಂಡಿದೀನಿ. ಬೆಂಗಳೂರಿಗೆ ಒಂದು ಟಿಕೆಟ್ ಆಗತ್ತಾ ಅಂಕಲ್? ವೇಟಿಂಗ್ ಲಿಸ್ಟ್ ತೋರಿಸ್ತಿದೆ."

"ಆಗ್ತದ, ಯಾಕ ಆಗಂಗಿಲ್ಲ? ನಾ ಮಾತಾಡ್ತೀನಿ. ನೀ ಚಿಂತಿ ಮಾಡಬ್ಯಾಡಪಾ" ಎಂದು ಬದರಿನಾಥರು ಎದ್ದು ಅವನ ಭುಜ ತಟ್ಟಿದರು. ಕೈ ಸ್ವಲ್ಪ ಹೆಚ್ಚು ಹೊತ್ತೇ ಭುಜದ ಮೇಲಿತ್ತು. ಚಹಾ ಕುಡಿಸಿದರು, ಬಾಗಿಲ ತನಕ ಹೋಗಿ ಕಳಿಸಿಕೊಟ್ಟರು. ಅಷ್ಟು ಅಂತಃಕರಣ ಅವರಲ್ಲಿ ಒಂದು ವರ್ಷದಿಂದ ಯಾರೂ ಕಂಡಿರಲಿಲ್ಲ.

ಹುಡುಗ ಹೋದಮೇಲೆ ಬದರಿನಾಥರು ಕೈಕಾಲು ತೊಳೆದುಕೊಂಡು ಬಂದು ಚೌಕಳಿ ಕಾಗದ ಹಾಸಿದರು. ತಿಂಗಳುಗಟ್ಟಲೆ ಕಗ್ಗಂಟಾಗಿ ಬಿದ್ದಿದ್ದ ಜನವರಿಯ ವೇಳಾಪಟ್ಟಿ ಅಂದು ತಾನೇ ಬಿಡಿಸಿಕೊಂಡಿತು. ಗೆರೆ ಗೆರೆಯೂ ನೇರ. ಕಲ್ಯಾಣಿ ಲೋಕಲ್ಲಿಗೆ ದಾರಿ ಬಿಟ್ಟು, ಬಾರಾಸಾತಿನದನ್ನು ಒಂದು ನಿಮಿಷ ತಡೆದು, ಬನಗಾಂವಿನದನ್ನು ಹಗೂರ ನಡುವೆ ದಾಟಿಸಿ, ಬದರಿನಾಥರು ತಮಗೆ ತಿಳಿಯದೆ ದಾಸರ ಪದ ಗುನುಗತೊಡಗಿದರು. ಗುನುಗುತ್ತಲೇ ಬಂದು ಊಟಕ್ಕೆ ಕೂತರು.

ಸುಭದ್ರಮ್ಮ ಬಡಿಸುವುದನ್ನು ನಿಲ್ಲಿಸಿ ನೋಡಿದರು.

"ಆ ಹುಡುಗ ಮ್ಯಾಲ ಕೂತು ಅಳ್ಲಿಕ್ಕತ್ತಾನ. ನೀವು ಕೆಳಗ ಕೂತು ಹಾಡ್ಲಿಕ್ಕತ್ತೀರಿ."

"ಟಿಕೀಟು ಕೊಡಸ್ತೀನಿ ಅಂದೀನಲ್ಲ ಅವಗ."

"ಕೊಡಸ್ರಿ. ಸರಕಾರ ಪಗಾರ ಏರಿಸಿದಾಗ ನಿಮ್ಮ ಮಾರಿ ಅರಳಲಿಲ್ಲ. ರೊಕ್ಕ ಮನಿಗೆ ಬಂದಾಗ ಅರಳಲಿಲ್ಲ. ಇವತ್ತ ಅರಳೇದ. ಅಂದರ ನಿಮ್ಮ ಪಗಾರ ಕಡಿಮಿ ಇದ್ದಿಲ್ಲ. ಅವಂದು ಹೆಚ್ಚಿಗಿ ಇತ್ತಲ್ಲ, ಅದಽ ನಿಮಗ ತ್ರಾಸ ಇತ್ತು."

ಬದರಿನಾಥರಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು, ತುತ್ತು ಕೈಯಲ್ಲೇ ಉಳಿಯಿತು. ಮೇಲಿನ ಮಹಡಿಯಲ್ಲಿ ಸೂಟ್‌ಕೇಸು ಎಳೆದಾಡುವ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲುವ ತನಕ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ತಟ್ಟೆ ಮುಂದೆ ಸರಿಸಿ, ಇನ್ನೊಂದು ಸೌಟು ಹುಳಿ ಹಾಕು ಎಂದರು.